ಕುವೈತಿಗೆ ಹೊರಟ ಸುಪ್ರೀತಾಳಿಗೆ

ಕೋಡಿ, ಕುಂದಾಪುರ
21 ನವೆಂಬರ್ 2024

ಪ್ರೀತಿಯ ಸುಪ್ರೀತಾಳಿಗೆ ನಿನ್ನ ಅತ್ತೆ ಜಲಜ ಮಾಡುವ ಆಶೀರ್ವಾದಗಳು.

‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಲು ಕೈ ತಾನಾಗಿ ಹೊರಟಿತ್ತು. ಏಳನೇ ಕ್ಲಾಸಿನಲ್ಲಿ ಮಾಸ್ತರರು ಹಾಗೇ ಕಲಿಸಿದ್ದರು. ಅಲ್ಲಿಗೆ ತಡೆದೆ. ಫೋನಿರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ನಗಬಹುದು. ನಮ್ಮ ಮನೆಯ ಫೋನು ಇರುವುದು ಜಿತೇಂದ್ರನ ದಿಂಬಿನ ಪಕ್ಕದಲ್ಲಿ, ಸ್ಪೀಕರ್ ಹಾಕಿಕೊಂಡು. ನೀನು ಕಳಿಸಿದ ಮೆಸೇಜನ್ನೂ ಹೋಮ್ ನರ್ಸ್ ಅಕ್ಕು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಕುತ್ತಿಗೆಯಿಂದ ಕೆಳಗೆ ಏನೂ ತಿಳಿಯದವನಿಗೆ ದೇವರು ಕಿವಿಯನ್ನು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟಿದ್ದಾನೆ. ಅಡುಗೆಮನೆಯಲ್ಲಿ ಹೆತ್ತ ತಾಯಿ ನಾನು ಪಿಸುಗುಟ್ಟಿದರೂ ಅಲ್ಲಿಂದಲೇ ‘ಎಂತ ಅಬ್ಬಿ?’ ಎನ್ನುತ್ತಾನೆ. ಅದಕ್ಕೇ ಪಕ್ಕದ ಭೋಜರಾಜನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವನು ನಾಳೆ ಮುಂಬಯಿ ಬಸ್ಸಿಗೆ ಹೊರಡುತ್ತಾನೆ. ಒಣ ಸಿಗಡಿಯ ಪೊಟ್ಟಣದ ಜೊತೆ ಇದನ್ನೂ ತಂದುಕೊಡುತ್ತಾನೆ.

ಭಾನುವಾರ ನೀನು ಫೋನಿನಲ್ಲಿ ಹೇಳಿದೆಯಲ್ಲ, ಮುಂಬಯಿಯಲ್ಲಿ ನೀನು ನೋಡಿಕೊಳ್ಳುತ್ತಿದ್ದ ಆ ಅಜ್ಜಿ ತೀರಿಹೋದರೆಂದು, ಏಜೆಂಟ್ ಕುವೈತಿನಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕನ ಸೇವೆಗೆ ಕಳಿಸುತ್ತಾನೆಂದು, ಐದು ವರ್ಷಕ್ಕೆ ಬರೆದುಕೊಡಬೇಕೆಂದು. ಸಂಬಳ ಎರಡರಷ್ಟು ಅತ್ತೆ, ಹಗಲಿಗೊಬ್ಬರು ರಾತ್ರಿಗೊಬ್ಬರು ಹೋಮ್ ನರ್ಸ್ ಇಟ್ಟುಕೊಳ್ಳಬಹುದು ಎಂದೆ. ಹೇಳುವಾಗ ನಿನ್ನ ದನಿಯಲ್ಲಿ ಲಾಟರಿ ಹೊಡೆದವರ ಸಂತೋಷವಿತ್ತು. ನಾನು ಹೂಂ ಎಂದೆ. ಈಗ ಸರಿಯಾಗಿ ಹೇಳುತ್ತೇನೆ. ಆ ಕಾಗದಕ್ಕೆ ಸಹಿ ಹಾಕಬೇಡ. ಹೇಳಬೇಕಾದದ್ದು ಇಷ್ಟೇ, ಉಳಿದದ್ದು ಯಾಕೆ ಎಂಬುದರ ಪುರಾಣ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಾಸಿಗೆಯೇ ಮನೆಯಷ್ಟಾಗಿದೆ. ಅಳಿವೆಯಲ್ಲಿ ದೋಣಿ ಮರಳು ದಿಬ್ಬಕ್ಕೆ ಕುಟ್ಟಿ ಅವನು ಕುತ್ತಿಗೆ ಮುರಿದುಕೊಂಡ ದಿನದಿಂದ ಆ ಗಾಳಿ ತುಂಬಿದ ಹಾಸಿಗೆಯ ಸುತ್ತಲೇ ನಮ್ಮ ಅಡುಗೆ, ನಮ್ಮ ಜಗಳ, ನಮ್ಮ ದೇವರ ದೀಪ. ನೀನು ಇದ್ದಾಗ ಕಂಡಿದ್ದೀಯಲ್ಲ. ಆಗಾಗ ಮಗ್ಗುಲು ತಿರುಗಿಸಬೇಕು, ಮೂತ್ರದ ಕೊಳವೆ ತೊಳೆಯಬೇಕು, ಕಫ ಬಂದರೆ ಎದೆ ಒತ್ತಿ ಹೊರಗೆ ತೆಗೆಯಬೇಕು. ಕೆಮ್ಮುವುದಕ್ಕೂ ಅವನಿಗೆ ಇನ್ನೊಬ್ಬರ ಕೈ ಬೇಕು. ಡಾಕ್ಟರು ಅವತ್ತೇ ಹೇಳಿದ್ದರು, ಹತ್ತಿರ ಒಬ್ಬರು ಎಚ್ಚರ ಇರಲೇಬೇಕು, ಕಣ್ಣು ಮುಚ್ಚುವ ಕೆಲಸವಲ್ಲ ಎಂದು. ನೀನು ಒಂದು ವರ್ಷ ಒಬ್ಬಳೇ ಅದನ್ನು ಮಾಡಿ ಸೊಂಟ ಕಳೆದುಕೊಂಡೆ. ಆಮೇಲೆ ಒಲೆ ಉರಿಯಬೇಕಲ್ಲ ಎಂದು ಮುಂಬಯಿಗೆ ಹೋದೆ. ಅಲ್ಲಿ ನೀನು ಯಾರದೋ ಅಜ್ಜಿಯ ಮೈ ಒರೆಸುವುದು, ಆ ದುಡ್ಡಿನಲ್ಲಿ ಇಲ್ಲಿ ಅಕ್ಕು ನಿನ್ನ ಗಂಡನ ಮೈ ಒರೆಸುವುದು. ತಲ್ಲೂರಿನಲ್ಲಿ ಮಲಗಿರುವ ಅಕ್ಕುವಿನ ತಾಯಿಯ ಮೈ ಯಾರು ಒರೆಸುತ್ತಾರೋ, ನಾನು ಕೇಳಿಲ್ಲ. ಕೇಳಿದರೆ ಅವಳು ಹೊರಟುಹೋದಾಳು ಎಂಬ ಹೆದರಿಕೆ.

ಅಕ್ಕು ಒಳ್ಳೆಯವಳು. ಅವಳಿಗಿಂತ ಮೊದಲು ಏಜೆನ್ಸಿಯವರು ಘಟ್ಟದ ಮೇಲಿನ ಒಬ್ಬ ಹುಡುಗನನ್ನು ಕಳಿಸಿದ್ದರಲ್ಲ, ನಾನು ಬಂಗುಡೆ ಕಾಯಿಸಿದರೆ ಮೂಗಿನ ಕೆಳಗೆ ಬಾಮ್ ಹಚ್ಚಿಕೊಂಡು ಕೂರುತ್ತಿದ್ದ. ಜಿತೇಂದ್ರ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ. ಆ ಹುಡುಗ ಹೋದ ಮೇಲೆ ಜಿತೇಂದ್ರನನ್ನು ನಗಿಸಲೆಂದು ಒಂದು ದಿನ ನಾನೂ ಬಾಮ್ ಹಚ್ಚಿಕೊಂಡು ಕೂತೆ. ನಗಲಿಲ್ಲ.

ಈಗ ದೋಣಿಯ ಪಾಲಿನ ವಿಷಯ. ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ರಾತ್ರಿ ನೋಡಿಕೊಳ್ಳಲು ಇಟ್ಟಿದ್ದ ಕುಷ್ಟನನ್ನು ಕೆಲಸದಿಂದ ಬಿಟ್ಟದ್ದು ಅಕ್ಕುವಿನ ಬಾಯಿಂದ ನಿನಗೆ ತಿಳಿಯಿತು, ಅದಕ್ಕೇ ನೀನು ಕುವೈತಿಗೆ ಹೊರಟದ್ದು ಎಂದು ನನಗೆ ಗೊತ್ತು. ಆದರೆ ಕುಷ್ಟನನ್ನು ಯಾಕೆ ಬಿಟ್ಟೆ ಎಂಬುದು ಅಕ್ಕುವಿಗೂ ಗೊತ್ತಿಲ್ಲ.

ನಮ್ಮ ನಾಡದೋಣಿಯ ಗುಂಪಿನವರು ಜಿತೇಂದ್ರ ಬಿದ್ದ ವರ್ಷ ಅವನಿಗೆ ಪೂರ್ತಿ ಪಾಲು ಕೊಟ್ಟರು, ಆಮೇಲೆ ಅರ್ಧ ಪಾಲು. ಬಲೆಗೆ ಕೈ ಹಾಕದವನಿಗೂ ಪಾಲು ತೆಗೆದಿಡುವುದು ದೊಡ್ಡ ಮಾತು. ಆ ಅರ್ಧ ಪಾಲಿನಲ್ಲೇ ಕುಷ್ಟನ ಸಂಬಳ ಸಾಗುತ್ತಿತ್ತು. ಈ ಸಲ ಚೌತಿ ಕಳೆದು ಲೆಕ್ಕಕ್ಕೆ ಕೂತಾಗ ದೋಣಿ ನಡೆಸುವ ತಾಂಡೇಲ ಗುರುವಣ್ಣ ನನ್ನನ್ನೂ ಕರೆಸಿದ. ಮೀನಿನ ಕತೆ ನಿನಗೆ ಗೊತ್ತು, ದೋಣಿಗೆ ಎಣ್ಣೆ ಹಾಕಿದ ದುಡ್ಡೂ ಹುಟ್ಟದ ದಿನಗಳಿದ್ದವು. ಗುರುವಣ್ಣ ಬಹಳ ಸಂಕೋಚದಿಂದ, ಜಿತೇಂದ್ರನ ಪಾಲಿನ ವಿಷಯ ಎಂತ ಮಾಡುವುದು ಜಲಜಕ್ಕ, ನೀವೇ ಒಂದು ಮಾತು ಹೇಳಿ ಎಂದ. ನಾನು ಎದ್ದು ನಿಂತು, ‘ನಮ್ಗ್ ಪಾಲ್ ಬ್ಯಾಡ ಗುರುವಣ್ಣ, ದುಡಿಯದ್ ಮನಿಗ್ ಪಾಲ್ ಎಂತಕ್?’ ಎಂದೆ.

ಯಾಕೆ ಹಾಗೆಂದೆ ಎಂದು ನಿನಗೆ ಬಿಡಿಸಿ ಹೇಳಬೇಕೇ? ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುವುದಿಲ್ಲವೇ? ಬಡಿಸುವವರು ಆ ಕೈಯನ್ನು ಸರಿಸಿ ಬಡಿಸುವುದಿಲ್ಲವೇ? ಕೊಡಿ ಎಂದು ಬಾಯಿಬಿಟ್ಟು ಕೇಳಿದರೆ ನಾವು ಬೇಡುವವರಾಗುತ್ತೇವೆ. ಬೇಡ ಎಂದರೆ ಅವರು ‘ಹಾಂಗ್ ಹೇಳ್ಬ್ಯಾಡಿ ಜಲಜಕ್ಕ’ ಎಂದು ಒತ್ತಾಯಿಸಿ ಕೊಡುತ್ತಾರೆ, ನಮ್ಮ ಮಾನವೂ ಉಳಿಯುತ್ತದೆ, ಅವರ ದೊಡ್ಡತನವೂ ಉಳಿಯುತ್ತದೆ. ಹುಟ್ಟಿದಂದಿನಿಂದ ನಾನು ಕಂಡದ್ದು ಹಾಗೆ. ಆದರೆ ಈಗ ಲೆಕ್ಕ ಇಡುವುದು ಅನೂಪ್, ಎಲ್ಲವನ್ನೂ ಮೊಬೈಲಿನಲ್ಲೇ ಬರೆದುಕೊಳ್ಳುವವನು. ಅವನು ತಲೆ ಎತ್ತಿ, ‘ಆಯ್ತ್ ಜಲಜಕ್ಕ, ದೊಡ್ ಮನಸ್ ನಿಮ್ದ್’ ಎಂದ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಅದು ಮುಗಿಯಿತು, ಬಲೆ ರಿಪೇರಿಯ ಮಾತಿಗೆ ಹೋದರು.

ಗುರುವಣ್ಣ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಿತ್ತು. ಆದರೆ ಚಪ್ಪಾಳೆ ತಟ್ಟಿದ ಮೇಲೆ ಅವನಾದರೂ ಹೇಗೆ ಬಾಯಿ ಬಿಡುವುದು? ಮಾರನೇ ದಿನ ಹೋಗಿ ಕೇಳೋಣ ಎಂದುಕೊಂಡೆ. ಎಲೆ ಮಡಚಿ ಎದ್ದ ಮೇಲೆ ಅನ್ನ ಕೇಳಿದ ಹಾಗಾಗುತ್ತದೆ ಎಂದು ಹೋಗಲಿಲ್ಲ. ಆ ತಿಂಗಳು ಕಳೆದು ಕುಷ್ಟನನ್ನು ಬಿಟ್ಟೆ. ಬುಟ್ಟಿ ಹೊತ್ತು ಮೀನು ಮಾರುವುದನ್ನು ನಿಲ್ಲಿಸಿದೆ, ರಾತ್ರಿಯ ಕೆಲಸಕ್ಕೆ ನಾನೇ ನಿಂತೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಾನದಲ್ಲಿ ಗಂಜಿ ಬೇಯುತ್ತದೆಯೇ?

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ನಾನು ನಿನಗೆ ಹೇಳುತ್ತಿರುವ ‘ಬೇಡ’ ಆ ಜಾತಿಯದಲ್ಲ. ಅತ್ತೆ ಬಾಯಿಮಾತಿಗೆ ಬೇಡ ಎನ್ನುತ್ತಾಳೆ, ಹೋದರೆ ಒಳಗೊಳಗೆ ಖುಷಿಪಡುತ್ತಾಳೆ ಎಂದು ನೀನು ತಿಳಿಯಬಾರದು. ನನ್ನ ಕೈ ಸರಿಸಿ ಬಡಿಸಲು ಬರಬೇಡ.

ನಿನ್ನ ಫೋನು ಬಂದ ಮಾರನೇ ದಿನವೇ ನಿನ್ನ ಅಮ್ಮ ಸೀತು ಉಪ್ಪುಂದದಿಂದ ಬಂದಿದ್ದರು. ಚೀಲ ತುಂಬ ಬಾಳೆಹಣ್ಣು ತಂದು, ಜಿತೇಂದ್ರನ ಹಣೆ ಸವರಿ, ಆಮೇಲೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಹೋದೆ. ಅವರು ಜಗಳ ಮಾಡಲಿಲ್ಲ. ನನ್ನ ಕೈ ಹಿಡಿದು, ‘ಕುವೈತಿಂದ್ ಬಪ್ಪ ಹೊತ್ತಿಗ್ ಅವ್ಳ್ ಮುದ್ಕಿ ಆತ್ಲ್ ಜಲಜಕ್ಕ. ನನ್ ಹೆಣ್ಣಿನ್ ಬದ್ಕ್ ಎಲ್ಲ್ ಉಂಟ್ ಹೇಳಿ’ ಎಂದು ಕೇಳಿದರು. ಅವರು ಹೋದ ಮೇಲೆ ಒಂದು ದಿನ ಅವರನ್ನು ಮನಸ್ಸಿನಲ್ಲೇ ಬೈದೆ. ಮಗಳನ್ನು ಕೊಟ್ಟ ಮೇಲೆ ಇದೆಂಥ ಮಾತು ಎಂದು. ಎರಡನೇ ದಿನ ನನಗೂ ಹರಿಣಾಕ್ಷಿ ಎಂಬ ಮಗಳಿದ್ದಾಳೆ ಎಂಬುದು ನೆನಪಾಯಿತು. ಬ್ರಹ್ಮಾವರದ ಅವಳ ಗಂಡ ಹೀಗೆ ಮಲಗಿದ್ದರೆ ನಾನು ಎಷ್ಟು ದಿನ ಸುಮ್ಮನಿರುತ್ತಿದ್ದೆ? ಸೀತು ಬಂದದ್ದಕ್ಕಿಂತ ಮೊದಲೇ ನಾನು ಹೋಗಿ ಬಾವಿಕಟ್ಟೆಯಲ್ಲಿ ನಿಂತಿರುತ್ತಿದ್ದೆ.

ನಮ್ಮಲ್ಲಿ ಹೆಣ್ಣು ಮದುವೆಯಾದರೂ ತಾಯಿಯ ಬಳಿಯವಳೇ, ತಾಯಿಯ ಕುಲದವಳೇ. ನಮ್ಮ ಮನೆಗೆ ಬಂದದ್ದರಿಂದ ನೀನು ನಮ್ಮ ಬಳಿಗೆ ಸೇರಿದವಳಾಗಲಿಲ್ಲ. ಹಿಂದೆ ನಾವು ಜಗಳವಾಡಿದಾಗ ಇದನ್ನು ನಿನ್ನನ್ನು ಚುಚ್ಚಲಿಕ್ಕೆ ಹೇಳಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನೀನೂ ಪಾತ್ರೆ ಕುಕ್ಕಿದ್ದೆ. ಈಗ ಅದೇ ಮಾತನ್ನು ಕೈ ಮುಗಿದು ಹೇಳುತ್ತೇನೆ. ನಿನ್ನ ತಾಯಿಯ ಮನೆ ಉಪ್ಪುಂದದಲ್ಲಿ ಇದೆ. ಅಲ್ಲಿಗೆ ಹೋಗು. ನಿನ್ನ ಬಂಗಾರ ಆಸ್ಪತ್ರೆಗೆ ಹೋಯಿತು, ಅದನ್ನು ಹಿಂದೆ ಕೊಡುವ ಶಕ್ತಿ ನನಗಿಲ್ಲ. ಹೋಗು ಎನ್ನುವುದಷ್ಟೇ ನನ್ನ ಹತ್ತಿರ ಉಳಿದಿರುವುದು. ಯಾರಾದರೂ ಒಳ್ಳೆಯವನು ಸಿಕ್ಕಿದರೆ ನನ್ನನ್ನು ಕೇಳಬೇಡ. ಕೇಳಿದರೆ ಅಳು ಬರುತ್ತದೆ, ಆ ಅಳುವನ್ನು ನೀನು ತಪ್ಪು ತಿಳಿಯುತ್ತೀ.

ಹಾಗಾದರೆ ಇವನ ಗತಿ ಎಂತ ಎಂದು ನೀನು ಕೇಳಿಯೇ ಕೇಳುತ್ತೀ. ಒಂದು ಆಶ್ರಮದವರನ್ನು ವಿಚಾರಿಸಿದೆ. ಕಫ ತೆಗೆಯಬೇಕಾದವರನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಕೂಡಿಟ್ಟದ್ದು ಇರುವವರೆಗೆ ಅಕ್ಕು ಇರುತ್ತಾಳೆ. ಆಮೇಲೆ ನಾನು. ನನ್ನ ಕೈಯಲ್ಲಿ ಅವನನ್ನು ತಿರುಗಿಸುವ ಬಲ ಕಡಿಮೆಯಾಗಿದೆ ಎಂದು ದೋಣಿಯ ಗಂಡಸರು ಮಾಡಿನ ತೊಲೆಗೆ ಬಾವಿಯ ರಾಟೆ ಕಟ್ಟಿ, ಬಟ್ಟೆಯ ಜೋಲಿ ಇಳಿಸಿ ಕೊಟ್ಟಿದ್ದಾರೆ. ಹಗ್ಗ ಎಳೆದರೆ ಅವನು ಮೇಲೆ ಬರುತ್ತಾನೆ. ಹೋದ ವಾರ ಅಕ್ಕು ಊರಿಗೆ ಹೋದ ಮಧ್ಯಾಹ್ನ ನಾನು ಗಂಜಿ ಬಸಿಯಲಿಕ್ಕೆ ಅಡುಗೆಮನೆಗೆ ಹೋಗಿದ್ದೆ. ಬರುವಾಗ ಅವನ ಮುಖ ಕಪ್ಪಗಾಗಿತ್ತು, ಕಣ್ಣು ನನ್ನನ್ನೇ ಹುಡುಕುತ್ತಿತ್ತು. ಎದೆ ಒತ್ತಿದೆ, ಕಫ ಬಂತು, ಉಸಿರೂ ಬಂತು. ಒಂದು ದಿನ ಆ ಉಸಿರು ಬಾರದೆ ಇರುತ್ತದೆ. ನಾವಿಬ್ಬರೂ ದೊಡ್ಡವರು, ಇದನ್ನು ಮರೆಮಾಚಿ ಮಾತಾಡುವುದರಲ್ಲಿ ಅರ್ಥವಿಲ್ಲ. ನೀನು ಐದು ವರ್ಷ ಬರೆದುಕೊಟ್ಟರೂ ಆ ದಿನ ಬಂದೇ ಬರುತ್ತದೆ, ಆಗ ನೀನೂ ಇರುವುದಿಲ್ಲ, ನಿನ್ನ ಐದು ವರ್ಷವೂ ಇರುವುದಿಲ್ಲ.

ನಿನ್ನ ಫೋನು ಬಂದ ಮೇಲೆ ನಾನು ಜಿತೇಂದ್ರನ ಹತ್ತಿರ ಮಾತಾಡಿದೆ. ಅವನು, ‘ಅವ್ಳಿಗ್ ಹೇಳ್ ಅಬ್ಬಿ, ನನ್ನ್ ಬಿಟ್ಟ್ ಅವ್ಳ್ ದಾರಿ ಅವ್ಳ್ ಕಾಣ್ಕಣ್ಲಿ’ ಎಂದ. ಬೇಸರದಿಂದ ಹೇಳಿದ ಮಾತಲ್ಲ, ಸಮಾಧಾನದಿಂದಲೇ ಹೇಳಿದ. ಹಾಗಾಗಿ ಅವನನ್ನು ಬಿಟ್ಟುಹೋದೆ ಎಂಬ ಕೊರಗು ನಿನಗೆ ಬೇಡ. ಅವನಿಗೆ ಫೋನು ಮಾಡಿ ಇದನ್ನು ಕೇಳಲೂ ಬೇಡ, ಗಂಡಸು, ನಾಚಿಕೆಪಡುತ್ತಾನೆ.

ಸಿಗಡಿಯನ್ನು ಹುರಿಯುವ ಮೊದಲು ಬಿಸಿಲಿಗೆ ಒಮ್ಮೆ ಹಾಕು, ಹಾದಿಯಲ್ಲಿ ತಂಪು ಹಿಡಿದಿರುತ್ತದೆ. ಸೊಂಟಕ್ಕೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇತಿ, ನಿನ್ನನ್ನು ಮಗಳಂತೆ ಬೈದ, ಮಗಳಂತೆಯೇ ಕಳಿಸಿಕೊಡುತ್ತಿರುವ
ಅತ್ತೆ,
ಜಲಜ

ತಾ.ಕ.: ಕವರಿಗೆ ಅಂಟು ಹಾಕಿ ಭೋಜರಾಜನ ಕೈಗೆ ಕೊಟ್ಟಾಗಿತ್ತು. ವಾಪಸ್ ಕೇಳಿ ಬಿಡಿಸಿದೆ. ಜಿತೇಂದ್ರ ಆ ಮಾತು ಹೇಳಿಲ್ಲ. ನಾನು ಕಟ್ಟಿ ಬರೆದದ್ದು. ನಿನ್ನ ಫೋನು ಇಟ್ಟ ಮೇಲೆ ಅವನು ನನಗೆ ಹೇಳಿದ್ದು ಇದು: ‘ಅವ್ಳ್ ಹೋಯ್ಲಿ ಅಬ್ಬಿ, ಸಹಿ ಹಾಕ್ಲಿ. ನಂಗ್ ಸಾಯುಕ್ ಹೆದ್ರಿಕಿ ಆತ್ತ್.’ ಅಂದಿನಿಂದ ದಿನಾ ಬೆಳಿಗ್ಗೆ ಬಾಯಿ ತೊಳೆಸುವಾಗ, ಸಹಿ ಹಾಕಿದಳಾ ಎಂದು ಕೇಳುತ್ತಾನೆ. ಇನ್ನೂ ಇಲ್ಲ ಮಗಾ ಎನ್ನುತ್ತೇನೆ. ಅವನನ್ನು ಹೆತ್ತವಳು ನಾನು, ಅವನಿಗೆ ಇಲ್ಲ ಎನ್ನುವ ಕೆಲಸ ನನ್ನದು, ನಿನ್ನದಲ್ಲ. ಇದನ್ನು ಓದಿದ ಮೇಲೂ ಸಹಿ ಹಾಕಬೇಡ.