ಮನಶ್ಶಾಸ್ತ್ರ ವಿಭಾಗ ನೋಡಿ ಬಂದೆ

ದೊಡ್ಡಬೆಳವಂಗಲ
೯-೭-೨೦೨೫, ಬುಧವಾರ

ಪ್ರೀತಿಯ ಪ್ರಮೋದಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಎಂ.ಎಸ್ಸಿ. ಸೀಟು ಸಿಕ್ಕಿ ಹದಿನೈದು ದಿನವಾದರೂ ನಿನಗೆ ಹೇಳಲಿಲ್ಲ, ಬೈಯಬೇಡ. ಫೋನು ಮಾಡಿದಾಗಲೆಲ್ಲ ನಿಮ್ಮತ್ತೆ ಸ್ಪೀಕರ್ ಹಾಕಿಸಿರುತ್ತಾರೆ. ‘ಊಟ ಆಯ್ತಾ’ ಅಂತ ಕೇಳಿ ಇಟ್ಟುಬಿಡುತ್ತೇನೆ. ನಾಳೆ ಟೈಲರ್ ಅನುಸೂಯಮ್ಮ ನಿಮ್ಮ ವಿಜಯಪುರಕ್ಕೆ ಬರುತ್ತಾಳೆ. ನಿನ್ನ ರವಿಕೆಗಳ ಮಡಿಕೆಯಲ್ಲಿ ಈ ಕಾಗದವಿದೆ. ನಿನ್ನ ಕೈಗೇ ಕೊಡಬೇಕೆಂದು ಮೂರು ಸಲ ಹೇಳಿದ್ದೇನೆ.

ಸೋಮವಾರ ಹೊಸ ವಿದ್ಯಾರ್ಥಿಗಳನ್ನು ವಿಭಾಗ ನೋಡಿಹೋಗಲು ಕರೆದಿದ್ದರು. ಅಪ್ಪ ದೊಡ್ಡಬಳ್ಳಾಪುರದವರೆಗೆ ಬೈಕಿನಲ್ಲಿ ಬಿಟ್ಟರು. “ಹುಚ್ಚು ಬಿಡ್ಸೋ ಓದಂತಲ್ಲವ್ವಾ, ಮೊದ್ಲು ನಿಮ್ಮಮ್ಮನಿಂದ ಶುರು ಮಾಡು” ಅಂತ ನಕ್ಕರು. ದೇವನಹಳ್ಳಿ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲು ಮನಸ್ಸಾಗದೆ ನಿಂತೇ ಹೋದೆ.

ವಿಭಾಗ ಚೆನ್ನಾಗಿದೆ ಅಕ್ಕ. ಪುಟ್ಟ ಪುಟ್ಟ ಕೋಣೆಗಳು, ಎದುರುಬದುರು ಎರಡೇ ಕುರ್ಚಿ, ಪಕ್ಕದಲ್ಲಿ ಟಿಶ್ಯೂ ಡಬ್ಬ. ಭಾನುಪ್ರಿಯಾ ಅಂತ ಒಬ್ಬ ಸೀನಿಯರ್, “ಅಳೋಕ್ ಬರೋರಿಗಿಂತ ನಾವೇ ಜಾಸ್ತಿ ಖಾಲಿ ಮಾಡ್ತೀವಿ ಕಣೇ” ಅಂದಳು.

ಆಮೇಲೆ ಅಲ್ಲಿ ಪಾಠ ಮಾಡುವ ಮೇಡಂ ಒಬ್ಬರು ನಮ್ಮನ್ನು ಸುತ್ತ ಕೂರಿಸಿಕೊಂಡು, ಈ ಓದು ಯಾಕೆ ಅಂತ ಒಬ್ಬೊಬ್ಬರನ್ನೇ ಕೇಳಿದರು. ನಾನು ಜಂಬದಿಂದ, “ಚಿಕ್ಕೋಳಿದ್ದಾಗ್ಲಿಂದ್ಲೂ ಎಲ್ರೂ ನನ್ ಹತ್ರಾನೇ ಕಷ್ಟ ಹೇಳ್ಕೊತಾರೆ ಮೇಡಂ” ಅಂದೆ.

“ಒಳ್ಳೇದು. ಕೊನೇ ಸಲ ಹೇಳ್ಕೊಂಡೋರನ್ನ ನೆನಪು ಮಾಡ್ಕೊಳಿ, ಹೆಸರು ಬೇಡ. ಹೇಳಿದ್ ಮೇಲೆ ಅವರಿಗೇನಾಯ್ತು?”

ನೀರಿನ ನೆಪದಲ್ಲಿ ಎದ್ದುಹೋಗಿ ವರಾಂಡದಲ್ಲಿ ಆಚೆಗೂ ಈಚೆಗೂ ಓಡಾಡಿದೆ. ಮೇಡಂ ಹಿಂದೆಯೇ ಬಂದರು. “ನಾನು ಸೇರಲ್ಲ ಮೇಡಂ” ಅಂದುಬಿಟ್ಟೆ. “ಬೇಜಾರಿಲ್ಲ. ಆದ್ರೆ ಯಾರನ್ನೋ ನೋಡ್ಬೇಕು ಅನ್ನಿಸ್ತಿದ್ರೆ ಮೊದ್ಲು ಅಲ್ಲಿಗೆ ಹೋಗಿ” ಅಂದರು.

ಅಂದಿನಿಂದ ಒಂದು ಕಡೆ ಕೂತಿಲ್ಲ. ಹಾಲು ಒಲೆಯ ಮೇಲಿಟ್ಟು ಬೀದಿಗೆ ಹೋಗುತ್ತೇನೆ, ಬೀದಿಯಿಂದ ಯಾಕೆ ಹೋದೆನೆಂದು ತಿಳಿಯದೆ ಬರುತ್ತೇನೆ. ಫೀಸು ಕಟ್ಟಿಲ್ಲ, ಕಟ್ಟುತ್ತೇನೋ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ,
ಸಿಂಚನ

ತಾ.ಕ.: ಅಕ್ಕ, ಮೇಡಂ ಕೇಳಿದಾಗ ನೆನಪಾದವಳು ನೀನು. ಯುಗಾದಿಗೆ ಬಂದಾಗ ಹಿತ್ತಲಲ್ಲಿ ತೋಳಿನ ಬರೆ ತೋರಿಸಿ, “ನಾನ್ ವಾಪಸ್ ಹೋಗಲ್ಲ ಸಿಂಚು, ಅಪ್ಪಂಗೆ ನೀನೇ ಹೇಳು” ಅಂದೆಯಲ್ಲ. ಅಪ್ಪ ಕೇಳಿದಾಗ ನಾನು “ಏನಿಲ್ಲ, ಸುಸ್ತಾಗವ್ಳೆ” ಅಂದೆ. ನೀನು ಬಂದು ಉಳಿದರೆ ನನ್ನ ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆಂದು ಹೆದರಿದ್ದೆ. ಆ ಸಂಜೆಯೇ ಅಪ್ಪ ನಿನ್ನನ್ನು ಬಿಟ್ಟುಬಂದರು.

ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆಂದುಕೊಂಡೆ. ಟವೆಲ್ಲನ್ನು ಮುಖಕ್ಕೊತ್ತಿಕೊಂಡು ಕೂತರು. ಆಗಲೇ ಹೊರಟುಬಿಡುತ್ತಿದ್ದರು, ಅಮ್ಮ ತಡೆದು, “ಈ ಸಲನಾದ್ರೂ ಮೊದ್ಲು ಅವಳ್ನ ಕೇಳ್ರಿ” ಅಂದಳು. ಶುಕ್ರವಾರ ಬೆಳಿಗ್ಗೆ ನಾವು ಮೂವರೂ ಬರುತ್ತೇವೆ. ನೀನು ಹೂಂ ಅಂದರೆ ಕರೆದುಕೊಂಡೇ ಹೊರಡುವುದು. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡದಿದ್ದರೂ ಸರಿ, ಬಾ ಅಕ್ಕ.