ಬಂದು ಇರಬಹುದೇನ ಅಂತ ಕೇಳಿದ್ದಿ

ಧಾರವಾಡ
೧೦ ಸೆಪ್ಟೆಂಬರ್ ೨೦೨೩, ರವಿವಾರ

ಪ್ರೀತಿಯ ರಸೂಲಬಿ,

ನೀನು, ಲಾಲಸಾಬಣ್ಣ, ಮಗಳು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಾವಿಲ್ಲಿ ಆರಾಮ. ಬೇಸಿಗೆಯಲ್ಲಿ ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯಲು ಕುಳಿತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳಲು ಹೋದಾಗೆಲ್ಲ ಒಂದೋ ನೀನು ಡ್ಯೂಟಿಗೆ ಹೊರಟಿರುತ್ತಿದ್ದೆ, ಇಲ್ಲವೇ ನಾವಿಬ್ಬರೂ ಹಾಸ್ಟೆಲಿನ ಮಾತು ತೆಗೆದು ನಕ್ಕು ಫೋನಿಡುತ್ತಿದ್ದೆವು. ನಡುವೆ ನನ್ನ ಕಾಲೇಜಿನ ಹುಡುಗಿಯರ ಪರೀಕ್ಷೆ ಬಂತು. ಆಮೇಲೆ ನಮ್ಮ ಮನೆಯವರಿಗೆ, ಹನುಮೇಶರಿಗೆ, ಡೆಂಗಿ ಜ್ವರ. ಈಗ ಅವರು ಶಾಲೆಗೆ ಹೋಗಿ ಮತ್ತೆ ಮಕ್ಕಳಿಗೆ ಗಣಿತ ಹೇಳುತ್ತಿದ್ದಾರೆ, ಮನೆಯಲ್ಲಿ ನನಗೂ.

ನಿನ್ನ ಪ್ರಶ್ನೆ ನನಗೆ ನೀನು ಅಂದಂತೆಯೇ ನೆನಪಿದೆ. "ಸುಜಾತಾ, ನೀ ಐರ್ಲೆಂಡ್ ಬಿಟ್ಟು ಹೊಳ್ಳಿ ಹೋಗಿ ನಾಕ ವರ್ಷ ಆತು. ಖರೇ ಹೇಳು. ನಮ್ಮಂಥಾವ್ರು ಬಂದು ಇರೂ ಹಂಗ ಐತೇನ ಇನ್ನಾ?" ಲಾಲಸಾಬಣ್ಣನಿಗೆ ಗಬ್ಬೂರ ಬೈಪಾಸಿನ ಹತ್ತಿರ ಟೈರಿನ ಅಂಗಡಿ ಇಡುವ ಆಸೆ, ಮಗಳಿಗೆ ಸತ್ತೂರದಲ್ಲಿ ಡಾಕ್ಟರಿಕೆ ಓದುವ ಆಸೆ, ನಿನಗೊಬ್ಬಳಿಗೇ ಅಂಜಿಕೆ. ಆದರೆ ನೀನು 'ನಮ್ಮಂಥಾವ್ರು' ಅಂದದ್ದು ನನಗೆ ಹಿಡಿಸಿತು. ನನ್ನನ್ನೂ ಅದರಲ್ಲಿ ಸೇರಿಸಿಕೊಂಡಿದ್ದೆ. ನರ್ಸಿಂಗ್ ಓದುವಾಗ ನಮ್ಮಿಬ್ಬರಿಗೂ ಒಂದೇ ಕೋಣೆ ಯಾಕೆ ಸಿಕ್ಕಿತ್ತು ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಜೊತೆ ಇರಲು ಬೇರೆ ಯಾರೂ ಒಪ್ಪಿರಲಿಲ್ಲ. ಹಾಗೆ ಒಪ್ಪದವರಿಗೆ ನಾನು ಈಗಲೂ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.

ಇಲ್ಲಿನ ಸುದ್ದಿ ಹೇಳಬೇಕೆಂದರೆ, ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಚಿಗರಿ ಬಸ್ಸು ಓಡುತ್ತದೆ, ಒಳಗೆ ತಣ್ಣಗೆ. ಹಳ್ಳಿಯ ಕೆಂಪು ಬಸ್ಸುಗಳಲ್ಲಿ ಹೆಂಗಸರಿಗೆ ಈಗ ಟಿಕೆಟ್ಟಿಗೆ ರೊಕ್ಕ ಇಲ್ಲ. ಹೀಗಾಗಿ ನಮ್ಮವ್ವ ಮನಸ್ಸು ಬಂದಾಗ ಊರಿನಿಂದ ಬಂದು, ನಮ್ಮ ಮನೆಯ ಗಿರಮಿಟ್ಟಿಗೆ ಖಾರ ಕಡಿಮೆ ಎಂದು ಹೇಳಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾಳೆ. ಈ ವರ್ಷ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ರಸ್ತೆಯ ಗುಂಡಿಗಳು ನೀನು ಬಿಟ್ಟುಹೋದಲ್ಲೇ ಇವೆ.

ಅಲ್ಲಿ ನಿಮ್ಮ ಲಿಮರಿಕ್‌ನಲ್ಲಿ ನಾನು ಸುಖವಾಗಿದ್ದೆ, ಅದನ್ನು ಮರೆಮಾಚುವುದಿಲ್ಲ. ನೀವು ಯಾರ ಪೈಕಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಮೈ ಬಿಗಿಹಿಡಿಯದೆ ಹೊರಗೆ ಬರುವುದು ಎಂದರೇನು ಎಂದು ನಾನು ಆ ಊರಿನಲ್ಲಿ ಕಲಿತೆ. ಆದರೆ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ನೆನಪಿದೆಯಾ? ಅಕ್ಕಪಕ್ಕದವರು ಹೂವಿನ ಗುಚ್ಛ ಬಾಗಿಲಲ್ಲಿಟ್ಟು ಹೋದರು, ಒಳ್ಳೆಯವರು. ಆ ದಿನ ನನ್ನ ಸಲುವಾಗಿ ಒಲೆ ಹಚ್ಚದೆ ಕುಳಿತವಳು ಆ ಊರಿನಲ್ಲಿ ನೀನೊಬ್ಬಳೇ. ಹೋಗಬೇಕು ಎಂಬ ಯೋಚನೆ ನನ್ನಲ್ಲಿ ಶುರುವಾದದ್ದು ಆವಾಗ.

ಇನ್ನು ದೊಡ್ಡ ಸುದ್ದಿ. ನಮ್ಮವ್ವ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಆಗಿದ್ದಾಳೆ. ಹೌದು, ನಿನಗೆ ರೊಟ್ಟಿ ಬಡಿದು ಪುಂಡಿಪಲ್ಯೆ ಹಾಕಿ ಕೊಡುತ್ತಿದ್ದ ಮುತ್ತವ್ವನೇ.

ಆ ಸ್ಥಾನ ನಮ್ಮ ಜನದ ಹೆಂಗಸಿಗೆ ಮೀಸಲಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಅವಳನ್ನು ಮುಂದೆ ಮಾಡಿದವರು ಹಿಂದಿನ ಅಧ್ಯಕ್ಷ, ಈಗಿನ ಉಪಾಧ್ಯಕ್ಷ ಮುರುಗೆಪ್ಪನವರು. ದೊಡ್ಡ ಹೊಲದವರು, ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ. ಕೆಟ್ಟ ಮನುಷ್ಯ ಎನ್ನಲಾರೆ. ಊರಿನ ಶಾಲೆಗೆ ಜಾಗ ಕೊಟ್ಟವರು ಅವರ ಮನೆಯವರೇ. ಮುತ್ತವ್ವ ಬಾಯಿಲ್ಲದವಳು, ಸಹಿ ಮಾಡು ಎಂದಲ್ಲಿ ಮಾಡುತ್ತಾಳೆ ಎಂದು ಅವರ ಎಣಿಕೆ. ಅವಳು ಜೀವಮಾನವೆಲ್ಲ ಗರಗಕ್ಕೆ ಹೋಗಿ, ಧ್ವಜದ ಬಟ್ಟೆ ನೇಯುವ ಖಾದಿ ಕೇಂದ್ರದಲ್ಲಿ ನೂಲು ನೂತವಳು. ನೂಲುವವರು ಮಾತಾಡುವುದು ಕಡಿಮೆ, ಕಣ್ಣು ಎಳೆಯ ಮೇಲಿರುತ್ತದೆ. ಮಾತಾಡದವರಿಗೆ ಮಾತೇ ಇಲ್ಲ ಎಂದು ಮುರುಗೆಪ್ಪ ತಿಳಿದಿದ್ದರು.

ಆಗಸ್ಟ್ ಹದಿನೈದಕ್ಕೆ ನಾನೂ ಹನುಮೇಶರೂ ಊರಿಗೆ ಹೋಗಿದ್ದೆವು. ಹಿಂದಿನ ಸಂಜೆ ಮುರುಗೆಪ್ಪ ನಮ್ಮ ಓಣಿಗೆ ಬಂದರು. ಗಾಡಿಯಿಂದ ಇಳಿಯಲಿಲ್ಲ, ಇಂಜಿನನ್ನೂ ಆರಿಸಲಿಲ್ಲ. ಅವ್ವ ಅವರಿಗಿಂತ ಎಷ್ಟೋ ವರ್ಷ ದೊಡ್ಡವಳು. ಆದರೂ ಅವರ ಮಾತು ಏಕವಚನದಲ್ಲೇ.

"ಮುತ್ತವ್ವ, ನಾಳಿಂದು ಏನೂ ಚಿಂತಿ ಮಾಡಬ್ಯಾಡ. ಝೇಂಡಾದ ಹಗ್ಗ ನಾ ಎಳೀತೇನಿ. ನಿನಗ ವಯಸ್ಸಾಗೇತಿ, ಕೈ ನಡಗಿದ್ರ ಊರ ಮುಂದ ನಾಚಿಗಿ. ನೀ ಬಾಜೂಕ ನಿಂತಿರು, ಫೋಟೋದಾಗ ಬರತೀ."

ಅವ್ವ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ತಲೆ ಎತ್ತಿ, "ಗಾಡಿ ಬಂದ ಮಾಡ್ರಿ, ಕೇಳವಲ್ದು" ಅಂದಳು.

ಅವರು ಬಂದ್ ಮಾಡಿ ಮತ್ತೊಮ್ಮೆ ಅದನ್ನೇ ಹೇಳಿದರು. ಓಣಿ ಶಾಂತವಾಗಿದ್ದಾಗ ಆ ಮಾತು ಮೊದಲಿನಷ್ಟು ಸಲೀಸಾಗಿ ಬರಲಿಲ್ಲ. ಪಕ್ಕದ ಮನೆಯವರೂ ಕೇಳಿಸಿಕೊಂಡರು.

"ಬರ್ರಿ, ಚಹಾ ಕುಡದು ಹೋಗ್ರಿ" ಅಂದಳು ಅವ್ವ.

"ಆತು, ಮತ್ತೊಮ್ಮೆ" ಎಂದು ಅವರು ಗಾಡಿ ತಿರುಗಿಸಿದರು.

ನನಗೆ ಮೈ ಉರಿಯಿತು. "ಆಗಂಗಿಲ್ರಿ ಅಂತ ಅನ್ನಬೇಕಿತ್ತವ್ವಾ. ಅಧ್ಯಕ್ಷಿ ನೀ ಅದಿ" ಅಂದೆ. ಅವಳು ಅಕ್ಕಿಯಿಂದ ಕಣ್ಣು ತೆಗೆಯಲಿಲ್ಲ. "ಓಣ್ಯಾಗ ಆಗಂಗಿಲ್ಲ ಅಂದ್ರ ಅದು ನನ್ನ ಅವರ ಜಗಳ ಆಕೈತಿ. ನಾಳಿ ಊರ ಮಂದಿ ಇರತಾರ, ಸಾಲಿ ಹುಡುಗ್ರು ಇರತಾವ. ಅಲ್ಲಿ ಅನ್ನೂಣಂತ" ಎಂದಳು. ಸಿಟ್ಟು ಹೀಗೂ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ ರಸೂಲಬಿ. ನನ್ನದು ಹೊತ್ತಿಕೊಂಡು ಆರುವಂಥದ್ದು.

ಮರುದಿನ ಪಂಚಾಯಿತಿಯ ಮುಂದಿನ ಬಯಲಿನಲ್ಲಿ ಜನ ಸೇರಿದ್ದರು. ಮೋಡವಿಲ್ಲ, ಬೆಳಿಗ್ಗೆಯೇ ಬಿಸಿಲು. ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಶಾಲೆಯ ಹೆಡ್‌ಮೇಡಮ್ ಆರತಿ ಬಂದಿದ್ದರು. ಅವ್ವ ಬಿಳಿ ಖಾದಿ ಸೀರೆ ಉಟ್ಟು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಳು. ಮೈಕಿನಲ್ಲಿ ಪಂಚಾಯಿತಿಯ ಅಧಿಕಾರಿ, "ಈಗ ಮಾನ್ಯ ಉಪಾಧ್ಯಕ್ಷರಾದ ಮುರುಗೆಪ್ಪನವರು ಧ್ವಜಾರೋಹಣ ನೆರವೇರಿಸಬೇಕಾಗಿ ವಿನಂತಿ" ಎಂದು ಕರೆದರು. ಕರೆದು ನೆಲ ನೋಡಿದರು. ಮುರುಗೆಪ್ಪ ಎದ್ದು ಹೋಗಿ ಹಗ್ಗಕ್ಕೆ ಕೈ ಹಾಕಿದರು.

ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. ನಾನೂ ಏಳಲು ಹೋದೆ, ಹನುಮೇಶ ನನ್ನ ಮುಂಗೈ ಹಿಡಿದು ಕೂಡ್ರಿಸಿದರು. ಅವಳು ನಿಧಾನವಾಗಿ ಕಂಬದ ಹತ್ತಿರ ನಡೆದು ಹೋಗಿ ಅವರ ಎದುರು ನಿಂತಳು. ಅವಳ ದನಿ ದೊಡ್ಡದಲ್ಲ. ಆದರೂ ಹಿಂದಿನ ಸಾಲಿನವರೆಗೂ ಕೇಳಿಸಿತು.

"ಮುರುಗೆಪ್ಪನವ್ರ, ಹೋದ ವರ್ಷ ನೀವು ಏರಿಸಿದ್ರಿ, ನಾ ಅಲ್ಲಿ ಹಿಂದ ನಿಂತು ಚಪ್ಪಾಳಿ ತಟ್ಟಿದೆ. ಈ ವರ್ಷ ನಾ ಏರಸ್ತೇನಿ, ನೀವು ತಟ್ರಿ."

ಅವರು ಹಗ್ಗ ಬಿಡಲಿಲ್ಲ. ಅಧಿಕಾರಿಯ ಕಡೆ ನೋಡಿದರು. ಅಧಿಕಾರಿ ಕೈಯಲ್ಲಿದ್ದ ಕಾಗದ ನೋಡಿಕೊಂಡರು. ಅವ್ವ ಕೈ ಚಾಚಿ ಹಾಗೇ ನಿಂತಿದ್ದಳು, ಜಗ್ಗಲಿಲ್ಲ, ಕಸಿದುಕೊಳ್ಳಲಿಲ್ಲ. ಆಗ ಆರತಿ ಮೇಡಮ್ ಹೋಗಿ ಮೈಕಿನ ಮುಂದೆ ನಿಂತರು. ಆಕೆ ಮುರುಗೆಪ್ಪನವರ ಸಂಬಂಧಿಕರು, ಸೋದರತ್ತೆಯ ಮಗಳು. ತರಗತಿಯಲ್ಲಿ ಹೇಳುವಷ್ಟೇ ಸಹಜವಾಗಿ, "ಪಂಚಾಯಿತಿ ಅಧ್ಯಕ್ಷರಾದ ಮುತ್ತವ್ವನವರು ಈಗ ಧ್ವಜ ಏರಸ್ತಾರ. ಮಕ್ಕಳ, ಸಾವಧಾನ್" ಎಂದರು. ಮಕ್ಕಳೆಲ್ಲ ಒಮ್ಮೆಲೇ ಕಾಲು ಜೋಡಿಸಿದ ಸದ್ದಾಯಿತು.

ಮುರುಗೆಪ್ಪ ಹಗ್ಗ ಬಿಟ್ಟರು.

ಅವ್ವನ ಕೈ ನಡುಗಲಿಲ್ಲ. ಧ್ವಜ ಮೇಲೆ ಹೋಗಿ ಬಿಚ್ಚಿಕೊಂಡಿತು, ಒಳಗಿದ್ದ ಸೇವಂತಿಗೆ ಎಸಳುಗಳು ಅವಳ ತಲೆಯ ಮೇಲೇ ಬಿದ್ದವು. ಅವಳು ಹುಬ್ಬಿನ ಮೇಲೆ ಅಂಗೈ ಅಡ್ಡ ಇಟ್ಟು ಬಹಳ ಹೊತ್ತು ಮೇಲೆ ನೋಡಿದಳು. ಜನ ಅದನ್ನು ಸೆಲ್ಯೂಟ್ ಎಂದು ತಿಳಿದು ತಾವೂ ಹೊಡೆದರು. ಆಮೇಲೆ ಕೇಳಿದರೆ, "ಬಿಸಲಿಗೆ ಕಾಣವಲ್ದಾಗಿತ್ತು, ಅದಕ್ಕ ಕೈ ಇಟ್ಟೆ" ಅಂದಳು. ಆ ಬಟ್ಟೆಯಲ್ಲಿ ಅವಳು ನೂತದ್ದೂ ಇರಬಹುದೇ ಎಂದು ಹನುಮೇಶ ಕೇಳಿದರು. "ನೂಲಿಗೇನ ಹೆಸರಿರತೈತೇನೋ ಅಳಿಯಾ? ನಂದೂ ಇರಬಹುದು, ಮತ್ತೊಬ್ಬಾಕಿದೂ ಇರಬಹುದು. ಎಲ್ಲಾ ಕೂಡೇ ಬಟ್ಟಿ ಆಗೂದು" ಎಂದಳು.

ಮುರುಗೆಪ್ಪ ಚಪ್ಪಾಳೆ ತಟ್ಟಿದರೋ ಇಲ್ಲವೋ ನಾನು ನೋಡಲಿಲ್ಲ, ನನ್ನ ಕಣ್ಣೆಲ್ಲ ಒದ್ದೆಯಾಗಿತ್ತು. ತಡವಾಗಿ ತಟ್ಟಿದರು ಎಂದು ಹನುಮೇಶ ಹೇಳುತ್ತಾರೆ. ಮುಂದಿನ ಸಭೆಯಲ್ಲಿ ಅವ್ವ ನಮ್ಮ ಓಣಿಗೂ ಮಸೀದಿಯ ಹಿಂದಿನ ಓಣಿಗೂ ಗಟಾರದ ಕೆಲಸ ಮಂಜೂರು ಮಾಡಿಸಿದಳು. ಆ ಠರಾವಿಗೆ ಬೆಂಬಲ ಅಂತ ಮೊದಲು ಕೈ ಎತ್ತಿದವರು ಮುರುಗೆಪ್ಪನೇ. ಈಗ ಅವರು 'ಮುತ್ತವ್ವಾರ' ಎನ್ನುತ್ತಾರಂತೆ. ಮನಸ್ಸು ಬದಲಾಯಿತೋ, ಲೆಕ್ಕಾಚಾರ ಬದಲಾಯಿತೋ, ನನಗೆ ತಿಳಿಯದು. ಗಟಾರ ಮಾತ್ರ ಆಗುತ್ತಿದೆ.

ಇಷ್ಟುದ್ದ ಯಾಕೆ ಬರೆದೆ ಎಂದರೆ ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದೇ. ಇರಬಹುದು, ರಸೂಲಬಿ. ತೊಂದರೆ ಇಲ್ಲದ ಊರೇ ಒಳ್ಳೆಯ ಊರು ಎಂದು ನಾನು ಅಲ್ಲಿದ್ದಾಗ ತಿಳಿದಿದ್ದೆ. ಅಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ, ಆದರೆ ತಡೆದಿದ್ದರೆ ಯಾರ ಎದುರು ಹೋಗಿ ಏನೆಂದು ಕೇಳಬೇಕಿತ್ತು, ನನಗೆ ಗೊತ್ತಿರಲಿಲ್ಲ. ಇಲ್ಲಿ ಗೊತ್ತಿದೆ. ಯಾವ ಕಂಬದ ಮುಂದೆ ನಿಲ್ಲಬೇಕು, ಯಾವ ಮಾತಿನಲ್ಲಿ ಅಂದರೆ ನಾಟುತ್ತದೆ, ಯಾರು ಎದ್ದು ಬಂದು ಮೈಕು ಹಿಡಿಯಬಹುದು, ಎಲ್ಲ ಗೊತ್ತಿದೆ. ಅಪ್ಪ ಇದ್ದಿದ್ದರೆ ಆ ದಿನ ಹೆಗಲ ಮೇಲಿನ ಟವೆಲ್ಲು ತೆಗೆದು ತಲೆಗೆ ರುಮಾಲು ಸುತ್ತಿಕೊಳ್ಳುತ್ತಿದ್ದ. ನಾನು ಈ ನೆಲದವಳು ಎಂದು ಹೇಳಿಕೊಳ್ಳಲು ನನಗೆ ಇಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಮಗಳಿಗೆ ನನ್ನದೊಂದು ಮುತ್ತು ಕೊಡು. ಲಾಲಸಾಬಣ್ಣನಿಗೆ ಬೆನ್ನುನೋವು ಎಂದಿದ್ದೆ, ಭಾರ ಎತ್ತಲು ಬಿಡಬೇಡ. "ಮೂರೂ ಮಂದಿ ತಂಪಾಗಿರಲಿ, ಕೈಗೆ ಕೆಲಸ ಇರಲಿ, ಮನಿಗೆ ಬರೂವ್ರು ಇರಲಿ" ಎಂದು ಅವ್ವ ಹರಸಿದ್ದಾಳೆ. ಅದರ ಮೇಲೆ ನಾನು ಬೇರೆ ಏನು ಹರಸಲಿ?

ನಿನ್ನವಳೇ ಆದ
ಸುಜಾತಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಗಳ ಓದಿಗೆ ಅನುಕೂಲವಾಗಲಿ ಎಂದು ಸತ್ತೂರದ ಸುತ್ತ ನಿಮಗೆ ಮನೆ ನೋಡಲು ಹೇಳಿದ್ದೆಯಲ್ಲ, ನೋಡಿದೆ. ಮೂರು ಮನೆ ನೋಡಿದೆ. ಮೂರೂ ಚೆನ್ನಾಗಿದ್ದವು. ನಾವು ಐರ್ಲೆಂಡಿನಿಂದ ತಿರುಗಿ ಬಂದಾಗ ನಮಗೆ ಮನೆ ಕೊಡುವ ಮುಂಚೆ 'ನೀವು ಯಾರ ಪೈಕಿರಿ' ಎಂದು ಸುತ್ತು ಬಳಸಿ ಕೇಳಿದ್ದರು. ನಿನ್ನ ವಿಷಯದಲ್ಲಿ ಅದನ್ನೂ ಕೇಳಲಿಲ್ಲ. ಹೆಸರು ಹೇಳಿದ್ದೇ ಸಾಕಾಯಿತು. ಒಬ್ಬರಿಗೆ ಮಗ ಬರುವವನಿದ್ದ, ಇನ್ನೊಬ್ಬರು ಮನೆ ಮಾರುವವರಿದ್ದರು. ಮೂರನೆಯ ಮನೆಯ ಹೆಂಗಸು ನನಗೆ ಕುಂಕುಮ ಕೊಟ್ಟು, ಚಹಾ ಕೊಟ್ಟು, ನಿನ್ನ ಹೆಸರು ಕೇಳಿದ ಮೇಲೆ ಕಪ್ಪು ಇನ್ನೂ ನನ್ನ ಕೈಯಲ್ಲಿರುವಾಗಲೇ ಒಳಗೆ ಹೋದವರು ಹೊರಗೆ ಬರಲಿಲ್ಲ. ಅವರ ಮನೆಯ ಮೇಲೂ ಆಗಸ್ಟಿನಲ್ಲಿ ಧ್ವಜ ಇತ್ತು. ಆ ಕಪ್ಪನ್ನು ಎಲ್ಲಿಡಬೇಕೋ ತಿಳಿಯದೆ ನಿಂತಿದ್ದೆ.

ನಿನಗೆ ಇದನ್ನು ಬರೆಯಬೇಕೋ ಬೇಡವೋ ಎಂದು ಅವ್ವನನ್ನು ಕೇಳಿದೆ. "ಬಾ ಅಂತನೂ ಬರೀಬ್ಯಾಡ, ಬರಬ್ಯಾಡ ಅಂತನೂ ಬರೀಬ್ಯಾಡ. ಆಗಿದ್ದು ಬರಿ. ಆಕಿ ಶಾಣ್ಯಾಕಿ ಅದಾಳ" ಎಂದಳು. ಬರುವ ರವಿವಾರ ನಾಲ್ಕನೆಯ ಮನೆ ನೋಡಲು ಹೊರಟಿದ್ದೇನೆ, ಈ ಸಲ ಅವಳೂ ಬರುತ್ತಾಳಂತೆ. ಮೊದಲು ಮನೆ ಗೊತ್ತು ಮಾಡಿಕೊಂಡು ಆಮೇಲೆ ನಿನ್ನ ಹೆಸರು ಹೇಳೋಣವೇ ಎಂದು ಕೇಳಿದ್ದಕ್ಕೆ ನನ್ನನ್ನು ಗದರಿಸಿದಳು. "ಯಾಕ? ಅದೇನ ಮುಚ್ಚಿಡೂ ಹೆಸರೇನ? ಬಾಗಲದಾಗ ನಿಂತು ಮೊದಲ ರಸೂಲಬಿ ಅಂತ ಹೇಳೂಣು. ಒಳಗ ಕರದ್ರ ಆಮ್ಯಾಲೆ ಮನಿ ನೋಡೂಣು."