ಪ್ರಶ್ನೆ ಕೇಳಿ ಸುಮ್ಮನಿರುವುದು

ಮನೆಯಿಂದ,
ಹದಿನಾರನೆಯ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಅಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಹೊಸ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ವಾಸನೆ ಎಂದು ಕಪಾಟಿನ ಮೇಲೆ ಎತ್ತಿಟ್ಟಿದ್ದೀಯೋ? ಅಣ್ಣನ ಕೆಮ್ಮು ಹತೋಟಿಗೆ ಬಂತೇ? ನಾನು ಚೆನ್ನಾಗಿದ್ದೇನೆ. ಸ್ವಲ್ಪ ದಣಿವು, ಅಷ್ಟೆ. ಫೋನಿರುವಾಗ ಕಾಗದವೇಕೆ ಎಂದು ಹುಬ್ಬು ಗಂಟಿಕ್ಕಬೇಡ. ನಿನ್ನ ಕಿವಿ ಮಂದವಾದಾಗಿನಿಂದ ಅಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಹಜಾರದ ನಡುವೆ ಇಡುತ್ತಾರೆ. ನಿನಗೊಬ್ಬಳಿಗೇ ಎಂದು ಹೇಳಿದ ಮಾತಿಗೆ ಅಣ್ಣನ ಮಕ್ಕಳು ಉತ್ತರ ಕೊಡುತ್ತಾರೆ! ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ನಮ್ಮ ಅಂಗಡಿಯನ್ನು ನೀನು ನೋಡಿದ್ದೀಯಲ್ಲ, ಒಂದೇ ಮಹಡಿಯಲ್ಲಿ ಎಲ್ಲ ಕಂಪನಿಗಳ ಕಂಪ್ಯೂಟರುಗಳೂ ಸಾಲಾಗಿ ತೆರೆದು ಕೂತಿರುತ್ತವೆ. ನನ್ನದು ಒಂದು ಕಂಪನಿಯ ಕೌಂಟರು, ಎದುರಿಗೇ ಇನ್ನೊಂದರದು. ಅಲ್ಲಿ ನಿಲ್ಲುವವಳು ನನಗಿಂತ ಚಿಕ್ಕವಳು, ಬಾಯಾಳಿ. ಗಿರಾಕಿಯ ಮುಂದೆ ನಾವು ಹಾವು ಮುಂಗುಸಿ, ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚುತ್ತೇವೆ. ಹೋದ ವಾರ ನಮಗೆ ತರಬೇತಿ ಕೊಡಲು ಕಂಪನಿಯಿಂದ ಒಬ್ಬ ಯುವಕ ಬಂದಿದ್ದ. ಬಿಗಿಯಾದ ಕೋಟು, ಮೂಗಿನ ಮೇಲೆ ಸಣ್ಣ ಮೊಡವೆ. ನಾವೆಲ್ಲ ಅವನಿಗೆ ‘ಮೇಷ್ಟ್ರು’ ಎಂದು ಹೆಸರಿಟ್ಟೆವು. ಗಾಳಿಯಾಡದ ಮೇಲಿನ ಕೋಣೆಯಲ್ಲಿ ಎರಡು ದಿನ ಒಂದೇ ಪಾಠ: ಗಿರಾಕಿ ಎದುರು ಕಂಪನಿಯದನ್ನು ಕೇಳಿದರೆ ಏನು ಮಾಡಬೇಕು? “ಬೈಬೇಡಿ. ಬೈದ್ರೆ ಅವರು ಅದರ ಪರ ನಿಂತ್ಕೋತಾರೆ. ‘ಅದೂ ಒಳ್ಳೇದೇ ಸರ್’ ಅನ್ನಿ. ಆಮೇಲೆ ಒಂದೇ ಪ್ರಶ್ನೆ, ‘ಆದ್ರೆ ನಾಳೆ ಅದು ಕೈಕೊಟ್ರೆ ಮನೇಲಿ ಯಾರು ನೋಡ್ತಾರೆ?’ ಅಂತ. ಕೇಳಿ ಸುಮ್ಮನಾಗಿಬಿಡಿ. ಮಿಕ್ಕಿದ್ದನ್ನ ಅವರ ತಲೇನೇ ಮಾಡುತ್ತೆ.” ಕೈಕೊಟ್ಟರೆ ನಮ್ಮದನ್ನೂ ಮನೆಯಲ್ಲಿ ಯಾರೂ ನೋಡುವುದಿಲ್ಲ ಎನ್ನುವುದು ಬೇರೆ ಮಾತು. ಅದನ್ನು ಗಿರಾಕಿ ಕೇಳುವುದಿಲ್ಲವಂತೆ.

ಎರಡನೆಯ ದಿನ ಒಬ್ಬರು ಗಿರಾಕಿಯಾಗಿ ಒಬ್ಬರು ಮಾರುವವರಾಗಿ ಅಭ್ಯಾಸ ಮಾಡಿಸಿದ. ನನ್ನ ಸರದಿ ಮುಗಿದಾಗ ಚಪ್ಪಾಳೆ ತಟ್ಟಿ, “ಮೇಡಂ, ಎಂಥಾ ಮೌನ! ಎಲ್ಲಿ ಕಲಿತ್ರಿ?” ಎಂದ. “ಪದ್ಯ ಓದಿ” ಎಂದೆ. “ಅದರ ಕೋರ್ಸು ಎಷ್ಟು ತಿಂಗಳದ್ದು?” ಎಂದು ಕೇಳಿದ, ಪಾಪ. ನಗು ಬಂತು, ಆಮೇಲೆ ನಗು ಹೋಯಿತು. ಪದ್ಯದಲ್ಲಿ ಸಾಲು ಮುರಿದಲ್ಲಿ ಬರೆದವರು ಸುಮ್ಮನಾಗುತ್ತಾರೆ, ಓದುವವರು ಬಂದು ಕೂರಲಿ ಎಂದು ಜಾಗ ಬಿಡುತ್ತಾರೆ. ಮೇಷ್ಟ್ರ ಮೌನವೂ ಜಾಗ ಬಿಡುತ್ತದೆ. ಅಲ್ಲಿ ಬಂದು ಕೂರುವುದು ಭಯ. ಆ ದಿನ ಡಬ್ಬಿ ಬಿಚ್ಚುವಾಗ ಎದುರು ಕೌಂಟರಿನವಳು, “ನಿಮ್ಮ ಮೇಷ್ಟ್ರು ನಮ್ಮನ್ನ ಏನಂತ ಬೈದ್ರಕ್ಕಾ?” ಎಂದಳು. “ಬೈಯೋ ಹಾಗಿಲ್ವಂತೆ ಕಣೆ, ಹೊಗಳಿ ಮುಗಿಸಬೇಕಂತೆ” ಎಂದೆ. “ಅಯ್ಯೋ, ನಮ್ಮ ಮೇಷ್ಟ್ರೂ ಅದನ್ನೇ ಹೇಳಿದ್ದು” ಎಂದು ಕೆಮ್ಮು ಬರುವಷ್ಟು ನಕ್ಕಳು.

ಆ ಸಂಜೆಯೇ ನಿನಗೆ ಫೋನು ಮಾಡಿದ್ದು. ಇಲ್ಲಿಗೆ ಬಂದು ನನ್ನ ಜೊತೆಗೇ ಇದ್ದುಬಿಡುತ್ತೇನೆ ಎಂದು ನೀನೇ ಹೇಳಿದ್ದೆ. ಕರೆದುಕೊಂಡು ಹೋಗಲು ಯಾವಾಗ ಬರಲಿ ಎಂದು ಕೇಳಿದರೆ ನಿನ್ನ ದನಿ ಇಳಿದುಹೋಯಿತು. “ಅಲ್ಲೂ ಚೆನ್ನಾಗೇ ಇರುತ್ತೆ, ನಿಮ್ಮತ್ತಿಗೇನೂ ಹಾಗೇ ಅಂತಾಳೆ. ಆದ್ರೆ ನೀನು ಕೆಲಸಕ್ಕೆ ಹೋದಾಗ ನಂಗೇನಾದ್ರೂ ಆದ್ರೆ ಯಾರು ನೋಡ್ತಾರೆ?” ಎಂದು ನಿಲ್ಲಿಸಿದೆ. ಆಚೆಯಿಂದ ಫ್ಯಾನಿನ ಸದ್ದು ಮಾತ್ರ. ಅಮ್ಮಾ, ಹಗಲೆಲ್ಲ ಬಾಯಿಪಾಠ ಮಾಡಿದ ಮಾತು ನಿನ್ನ ಬಾಯಲ್ಲಿ! ಆ ಪ್ರಶ್ನೆ ಅತ್ತಿಗೆಯದೇ ಇರಬೇಕು, ಅವಳಿಗೆ ಯಾವ ಮೇಷ್ಟ್ರೂ ಕಲಿಸಿಲ್ಲ. ಅವಳ ಮೇಲೆ ನನಗೆ ಕೋಪವೂ ಇಲ್ಲ. ಇಷ್ಟು ವರ್ಷ ನಿನ್ನ ಮಾತ್ರೆಯ ಹೊತ್ತು ತಪ್ಪಿಸದವಳು, ಅವಳಿಗೂ ನೀನು ಬೇಕು. ಬೇಕಾದವರನ್ನು ಹಿಡಿದಿಟ್ಟುಕೊಳ್ಳುವಾಗ ಈ ವಿದ್ಯೆ ತಾನಾಗಿ ಬಂದುಬಿಡುತ್ತದೆಯೋ ಏನೋ.

ಮಾರನೆಯ ದಿನ ನನ್ನ ಕೌಂಟರಿಗೆ ಒಬ್ಬರು ಹಿರಿಯರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಿಸಿದ ಬಟ್ಟೆಚೀಲ. ಹೆಂಡತಿಗೆ ಕಂಪ್ಯೂಟರ್ ಬೇಕಂತೆ, ಆಕೆ ಇಷ್ಟು ದಿನ ಬಳಸಿದ್ದು ಎದುರು ಕಂಪನಿಯದಂತೆ. ಕಣ್ಣು ಮಂಜಾಗಿದ್ದರೂ ಯಾವ ಗುಂಡಿ ಎಲ್ಲಿದೆ ಎಂದು ಬೆರಳಿಗೇ ಗೊತ್ತಂತೆ. ನಾನು ಕಲಿತಂತೆ ‘ಅದೂ ಒಳ್ಳೇದೇ ಸರ್’ ಎಂದೆ. ಪ್ರಶ್ನೆಯನ್ನೂ ಕೇಳಿಬಿಟ್ಟೆ. “ನಾವಿಬ್ಬರೇ ಇರೋದಮ್ಮ” ಎಂದು ಚೀಲದ ಹಿಡಿಯನ್ನು ಬೆರಳಿಗೆ ಸುತ್ತತೊಡಗಿದರು. ಈಗ ನಾನು ತುಟಿ ಬಿಚ್ಚಬಾರದು. ಆದರೆ ಆ ಮೌನದಲ್ಲಿ ನನಗೆ ನಿಮ್ಮ ಹಜಾರದ ಫ್ಯಾನು ಕೇಳಿಸಿತು. “ಸರ್, ಕೈ ಪಳಗಿರೋದನ್ನ ಈ ವಯಸ್ಸಲ್ಲಿ ಯಾಕೆ ಬಿಡಿಸ್ತೀರಿ? ಅದನ್ನೇ ತಗೊಳ್ಳಿ” ಎಂದು ಅವರನ್ನು ಎದುರು ಕೌಂಟರಿಗೆ ನಾನೇ ಕರೆದುಕೊಂಡು ಹೋಗಿ ಬಿಟ್ಟು ಬಂದೆ.

ಅವರು ಗಿರಾಕಿಯೇ ಅಲ್ಲ! ಹೇಳಿಕೊಟ್ಟದ್ದನ್ನು ನಾವು ಪಾಲಿಸುತ್ತೇವೋ ಇಲ್ಲವೋ ಎಂದು ನೋಡಲು ಕಂಪನಿಯವರೇ ಹೀಗೆ ಸುಳ್ಳು ಗಿರಾಕಿಗಳನ್ನು ಕಳಿಸುತ್ತಾರೆ. ಹೆಂಡತಿಯೂ ಸುಳ್ಳು, ಮಂಜುಗಣ್ಣೂ ಸುಳ್ಳು. ಮ್ಯಾನೇಜರು ಕರೆದು, “ಏನ್ ಮೇಡಂ ಇದು, ಇಷ್ಟು ಓದಿದೋರು. ಮಾರದೇ ಇದ್ರೆ ಹೋಗ್ಲಿ, ಕೈಹಿಡಿದು ಕರ್ಕೊಂಡ್ ಹೋಗಿ ಒಪ್ಪಿಸಿ ಬರೋದಾ?” ಎಂದರು. ಆ ಹಿರಿಯರ ಭಯ ನಾಟಕವಾಗಿದ್ದರೂ ನಾನು ಕಂಡದ್ದು ನಿಜವಾದ ಭಯವನ್ನೇ ಎಂದು ಯಾರಿಗೆ ಹೇಳಲಿ? ಕೌಂಟರು ಹೋಯಿತು. ನಾಳೆಯಿಂದ ಹಿಂದಿನ ಕೋಣೆಯಲ್ಲಿ, ಕೆಟ್ಟು ವಾಪಸು ಬಂದ ಯಂತ್ರಗಳನ್ನು ತೆಗೆದುಕೊಳ್ಳುವ ಕೆಲಸ. ಕಿಟಕಿ ಇಲ್ಲ, ಬರುವವರೆಲ್ಲ ಸಿಟ್ಟಿನಲ್ಲೇ ಬರುತ್ತಾರೆ. ಆದರೂ ಮನಸ್ಸು ಹಗುರವಾಗಿದೆ. ಅಲ್ಲಿ ಯಾರನ್ನೂ ಹೆದರಿಸಬೇಕಾಗಿಲ್ಲ, ನಾನೇ ಬೈಸಿಕೊಂಡರಾಯಿತು. ಮತ್ತೆ, ಆ ಕೋಣೆಗೆ ಸಂಜೆ ಬೇಗ ಬೀಗ ಬೀಳುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಹಗಲು ಹೊತ್ತು ನಿನಗೆ ಏನಾದರೂ ಆದರೆ ನೋಡಲು ನನ್ನ ಮನೆಯಲ್ಲಿ ಯಾರೂ ಇಲ್ಲ. ಕೆಳಗಿನ ಮನೆಯ ಟೈಲರಮ್ಮ ಇರುತ್ತಾರೆ, ಕರೆದರೆ ಬರುತ್ತಾರೆ, ಆದರೆ ಮಿಷನ್ನಿನ ಸದ್ದಿನಲ್ಲಿ ಕರೆದದ್ದು ಕೇಳಿಸಬೇಕಲ್ಲ. ಮೆಟ್ಟಿಲು ಕಡಿದು, ನಿನ್ನ ಮಂಡಿಗೆ ಕಷ್ಟ. ಬಿಸಿಲು ಬೆಳಗ್ಗೆ ಅಡುಗೆಮನೆಗೆ ಬಂದು ಹೋದರೆ ಮುಗಿಯಿತು. ನಾನೂ ಅಂಥ ಮಾತಿನ ಮಲ್ಲಿಯಲ್ಲ, ಪುಸ್ತಕ ಹಿಡಿದು ಕೂತರೆ ಕರೆದದ್ದು ಕೇಳಿಸುವುದಿಲ್ಲ ಎಂದು ನೀನೇ ಎಷ್ಟು ಸಲ ರೇಗಿಲ್ಲ? ಅಲ್ಲಿ ಮಕ್ಕಳಿದ್ದಾರೆ, ಅಂಗಳವಿದೆ, ಅತ್ತಿಗೆ ಇದ್ದಾಳೆ. ‘ಅದೂ ಒಳ್ಳೇದೇ’ ಎನ್ನುವ ಮಾತನ್ನು ನಾನು ಈ ಒಂದು ಸಲ ಮನಸಾರೆ ಹೇಳುತ್ತಿದ್ದೇನೆ. ಮುಂದೆ ‘ಆದರೆ’ ಸೇರಿಸುವುದಿಲ್ಲ. ಅಲ್ಲೇ ಇರಬೇಕೆನಿಸಿದರೆ ಇರು, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ರಜೆ ಸಿಕ್ಕಾಗಲೆಲ್ಲ ನಾನೇ ಬಂದು ಹೋಗುತ್ತೇನೆ.

ಅಣ್ಣ ಅತ್ತಿಗೆಗೆ ನನ್ನ ನೆನಪುಗಳು, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಎಣ್ಣೆ ಹಚ್ಚಿಕೋ. ನಿನ್ನ ಕೈ ಯಾವಾಗಲೂ ನನ್ನ ತಲೆಯ ಮೇಲಿರಲಿ.

ನಿನ್ನ
ಕಿರಿಮಗಳು

ಮರೆತಿದ್ದು: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಮನೆಯ ಕುಂದುಗಳನ್ನೆಲ್ಲ ಹೇಳಿ ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದದ್ದು ಸುಳ್ಳು. ದಿನಾ ಸಂಜೆ ಈ ಬಾಗಿಲಿನ ಬೀಗವನ್ನು ನಾನೇ ತೆಗೆದು, ನಾನೇ ದೀಪ ಹಾಕಿ ಒಳಗೆ ಬರುವುದು ಸಾಕಾಗಿದೆ. ನಾನು ಬೆಲ್ ಒತ್ತಿ ಹೊರಗೆ ನಿಂತಿರಬೇಕು, ನೀನು ಮಂಡಿ ಹಿಡಿದುಕೊಂಡು, ಗೊಣಗುತ್ತಾ, ಎಷ್ಟು ಹೊತ್ತಾದರೂ ಆಗಲಿ, ಬಂದು ಒಳಗಿನಿಂದ ಚಿಲಕ ತೆಗೆಯಬೇಕು. ಬಾ ಅಮ್ಮಾ.